ಮೊಲದ ಮರಿ ಮತ್ತು ಕೋವಿ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದವನು ನಾನು. ಹನ್ನೊಂದು ವರ್ಷದಿಂದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿದ್ದೇನೆ. ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆಯ ದಾರಿಯಲ್ಲಿ ನಮ್ಮದೊಂದು ಹನ್ನೆರಡು ಎಕರೆ ಜಮೀನಿದೆ. ಅಲ್ಲಿ ಮೊಲಗಳನ್ನು ಕೊಲ್ಲಿಸುತ್ತೇನೆ ಎಂದು ತಿಳಿದಾಗ ಊರಿನ ನೆಂಟರು ಬೆಚ್ಚಿಬೀಳುತ್ತಾರೆ. ಇಲ್ಲಿ ಹೊಸದಾಗಿ ಜಮೀನು ಕೊಂಡ ಕನ್ನಡದವರ ಪ್ರಶ್ನೆಯೇ ಬೇರೆ: ಹೇಗೆ ಹೊಡೆಯಬೇಕು, ಯಾವಾಗ ಹೊಡೆಯಬೇಕು, ಮರಿಗಳು ಕಂಡರೆ ಏನು ಮಾಡಬೇಕು? ಇಬ್ಬರಿಗೂ ಇಲ್ಲಿ ಒಟ್ಟಿಗೆ ಉತ್ತರ ಕೊಡುತ್ತಿದ್ದೇನೆ.

ಇದು ನಮ್ಮೂರಿನ ಕಾಡುಮೊಲವೇ?

ಅಲ್ಲ. ಕನ್ನಡದಲ್ಲಿ ಎರಡನ್ನೂ ಮೊಲ ಎಂದೇ ಕರೆಯುವುದರಿಂದ ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮ ಕಡೆ ರಾತ್ರಿ ಬೈಕಿನ ಬೆಳಕಿಗೆ ಸಿಕ್ಕಿ ಅಡ್ಡಾದಿಡ್ಡಿ ಓಡುವ, ಕತ್ತಿನ ಹಿಂಭಾಗ ಕಪ್ಪಾಗಿರುವ ಪ್ರಾಣಿ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲೇ ಮರಿ ಹಾಕುತ್ತದೆ. ಆ ಮರಿ ಹುಟ್ಟುವಾಗಲೇ ಮೈತುಂಬ ರೋಮವಿರುತ್ತದೆ, ಕಣ್ಣು ತೆರೆದಿರುತ್ತದೆ. ಇಂಗ್ಲಿಷಿನಲ್ಲಿ ಅದು ಹೇರ್.

ಇಲ್ಲಿ ಹೇಳುತ್ತಿರುವುದು ರ‍್ಯಾಬಿಟ್ ವಿಚಾರ, ಅಂದರೆ ಯುರೋಪಿನ ಮೊಲ. ಮನೆಯಲ್ಲಿ ಸಾಕುವ ಬಿಳಿ ಮೊಲಗಳೆಲ್ಲ ಇದರ ಸಂತತಿಯೇ. ಇದು ನೆಲದಡಿಯಲ್ಲಿ ಬಿಲಗಳ ಜಾಲವನ್ನೇ ತೋಡಿ ಗುಂಪಾಗಿ ಬದುಕುತ್ತದೆ. ಇದರ ಮರಿ ಹುಟ್ಟುವಾಗ ಬೆತ್ತಲೆ, ಕುರುಡು. ಹುಟ್ಟಿನ ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ನೈತಿಕ ಪ್ರಶ್ನೆಯೆಲ್ಲ ಅದರ ಸುತ್ತಲೇ ಇದೆ.

ಕರ್ನಾಟಕದಲ್ಲಿರುವ ಓದುಗರಿಗೆ ಒಂದು ಮಾತು. ನಮ್ಮ ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಬೇಟೆಯಾಡುವುದು ಅಪರಾಧ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿ ಅದಕ್ಕೆ ಅನುಮತಿ ಕೊಡುವುದಿಲ್ಲ. ಇಲ್ಲಿ ಬರೆದಿರುವ ಯಾವ ಮಾತನ್ನೂ ಅದಕ್ಕೆ ಅನ್ವಯಿಸಬೇಡಿ.

ಇಷ್ಟು ಸಾಧುಪ್ರಾಣಿಯನ್ನು ಪೀಡೆ ಎನ್ನಲು ಕಾರಣವೇನು?

1859ರ ಕ್ರಿಸ್‌ಮಸ್ ಹೊತ್ತಿಗೆ ಇಂಗ್ಲೆಂಡಿನಿಂದ ಮೆಲ್ಬರ್ನ್ ಬಂದರಿಗೆ 24 ಮೊಲಗಳು ಬಂದವು. ತರಿಸಿಕೊಂಡವನು ವಿಂಚೆಲ್ಸಿ ಊರಿನ ಬಳಿ ಬಾರ್ವನ್ ಪಾರ್ಕ್ ಎಂಬ ಎಸ್ಟೇಟಿನ ಯಜಮಾನ ಥಾಮಸ್ ಆಸ್ಟಿನ್. ಬಿಡುವಿನಲ್ಲಿ ಬೇಟೆಯಾಡಲು ನಾಲ್ಕು ಮೊಲ ಇರಲಿ ಎಂಬುದು ಅವನ ಆಸೆಯಾಗಿತ್ತು. 1867ರ ಹೊತ್ತಿಗೆ ಅವನ ಜಮೀನೊಂದರಲ್ಲೇ ವರ್ಷಕ್ಕೆ 14,000ಕ್ಕೂ ಹೆಚ್ಚು ಮೊಲಗಳನ್ನು ಹೊಡೆಯುತ್ತಿದ್ದರು. ಆದರೂ ಅವು ಹಬ್ಬುವುದು ನಿಲ್ಲಲಿಲ್ಲ. ವರ್ಷಕ್ಕೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಮುಂದುವರಿದು, ಐವತ್ತು ವರ್ಷಗಳೊಳಗೆ ಖಂಡದ ಬಹುಭಾಗವನ್ನು ಆಕ್ರಮಿಸಿದವು.

ಹಾನಿ ಎಂದೊಡನೆ ರೈತನ ನಷ್ಟವೊಂದೇ ನಮಗೆ ನೆನಪಾಗುತ್ತದೆ. ಅದು ಸುಳ್ಳಲ್ಲ. ಆದರೆ ನನ್ನನ್ನು ಒಪ್ಪಿಸಿದ್ದು ಬೇರೆ. ಇಲ್ಲಿನ ಕೆಲವು ದೇಸಿ ಮರಗಳ ಸಸಿ ಮೇಲೇಳದಂತೆ ಮಾಡಲು ಎರಡು ಹೆಕ್ಟೇರಿಗೆ ಒಂದೇ ಮೊಲವಿದ್ದರೂ ಸಾಕು. ಹಳೆಯ ಮರಗಳು ನಿಂತಿರುತ್ತವೆ, ನೋಡಿದವರಿಗೆ ಕಾಡು ಚೆನ್ನಾಗಿದೆ ಅನ್ನಿಸುತ್ತದೆ. ಕೆಳಗೆ ನೋಡಿದರೆ ಒಂದು ಸಸಿಯೂ ಇಲ್ಲ. ಮಕ್ಕಳಿಲ್ಲದ ಊರಿನ ಹಾಗೆ. ಆಸ್ಟ್ರೇಲಿಯಾದಲ್ಲಿ ಅಳಿವಿನ ಅಂಚಿನ ಪಟ್ಟಿಯಲ್ಲಿರುವ 300ಕ್ಕೂ ಹೆಚ್ಚು ಸಸ್ಯ ಮತ್ತು ಪ್ರಾಣಿ ಪ್ರಭೇದಗಳಿಗೆ ಮೊಲದಿಂದ ತೊಂದರೆ ಇದೆ. ಉದ್ದ ಕಿವಿಯ ಬಿಲ್ಬಿ ಎಂಬ ಪುಟ್ಟ ಚೀಲಹೊಟ್ಟೆಯ ಪ್ರಾಣಿ ತನ್ನ ಬಿಲವನ್ನೂ ಮೇವನ್ನೂ ಮೊಲಕ್ಕೆ ಬಿಟ್ಟುಕೊಟ್ಟಿದೆ. ಅದು ಮೊದಲಿದ್ದ ನೆಲದ ಬಹುಪಾಲಿನಲ್ಲಿ ಈಗ ಇಲ್ಲ.

ಆದ್ದರಿಂದ ಏನೂ ಮಾಡದೆ ಸುಮ್ಮನಿದ್ದರೆ ಯಾವ ಪ್ರಾಣಿಯೂ ಸಾಯುವುದಿಲ್ಲ ಎಂದುಕೊಳ್ಳುವುದು ತಪ್ಪು. ನಮಗೆ ಕಾಣದ ಪ್ರಾಣಿಗಳು ಸಾಯುತ್ತವೆ.

ಜಮೀನು ನನ್ನದು, ಮೊಲಗಳನ್ನು ಅವುಗಳ ಪಾಡಿಗೆ ಬಿಡುತ್ತೇನೆ ಎನ್ನಬಹುದೇ?

ವಿಕ್ಟೋರಿಯಾದಲ್ಲಿ ಸಾಧ್ಯವಿಲ್ಲ. 1994ರ ಕ್ಯಾಚ್‌ಮೆಂಟ್ ಅಂಡ್ ಲ್ಯಾಂಡ್ ಪ್ರೊಟೆಕ್ಷನ್ ಕಾಯ್ದೆಯ ಪ್ರಕಾರ ಮೊಲ ಪೀಡೆ ಪ್ರಾಣಿ. ಅದು ಹರಡದಂತೆ ತಡೆಯುವುದು, ಆದಷ್ಟು ಮಟ್ಟಿಗೆ ನಿರ್ಮೂಲ ಮಾಡುವುದು ಜಮೀನಿನ ಒಡೆಯನ ಕರ್ತವ್ಯ. ಪಕ್ಕದ ರಾಜ್ಯಗಳಲ್ಲೂ ಇಂಥದೇ ಕಾನೂನುಗಳಿವೆ. ಕ್ವೀನ್ಸ್‌ಲ್ಯಾಂಡಿನಲ್ಲಂತೂ ಮನೆಯಲ್ಲಿ ಮುದ್ದಿಗೆ ಮೊಲ ಸಾಕುವುದಕ್ಕೂ ಅನುಮತಿಯಿಲ್ಲ.

ಮರಿಯನ್ನು ಹೊಡೆಯುವುದು ದೊಡ್ಡ ಮೊಲವನ್ನು ಹೊಡೆಯುವುದಕ್ಕಿಂತ ದೊಡ್ಡ ತಪ್ಪೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕೇಳುವವರ ಮನಸ್ಸು ಒಳ್ಳೆಯದು ಎಂದು ನನಗೆ ಗೊತ್ತು. ಅಂಗೈಯಗಲದ ಮರಿ ಬಿಲದ ಬಾಯಿಯಲ್ಲಿ ಕುಳಿತು ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರೆ ಯಾರಿಗೂ ಕೈ ಬರುವುದಿಲ್ಲ.

ಆದರೂ ನನ್ನ ಉತ್ತರ: ಇಲ್ಲ. ಬಿಲದಿಂದ ಹೊರಗೆ ಬಂದು ಹುಲ್ಲು ಮೇಯುತ್ತಿರುವ ಮರಿ ಆಗಲೇ ಮೂರು ವಾರ ದಾಟಿರುತ್ತದೆ. ನಾಲ್ಕನೆಯ ವಾರದ ಹೊತ್ತಿಗೆ ತಾಯಿಯ ಹಾಲು ಬಿಟ್ಟಿರುತ್ತದೆ. ಇನ್ನು ಮೂರು ತಿಂಗಳಲ್ಲಿ ಅದೇ ತಾಯಿಯಾಗಬಹುದು. ನೋವು ಎಷ್ಟು ಎಂಬ ದೃಷ್ಟಿಯಿಂದ ನೋಡಿದರೆ, ತಲೆಗೆ ಸರಿಯಾಗಿ ಬಿದ್ದ ಗುಂಡಿಗೆ ಮರಿಗೂ ಅದರ ತಾಯಿಗೂ ವ್ಯತ್ಯಾಸವಿಲ್ಲ. ಎರಡಕ್ಕೂ ತಿಳಿಯುವಷ್ಟು ಹೊತ್ತು ಇರುವುದಿಲ್ಲ. ಮರಿಯ ಸಾವು ಹೆಚ್ಚು ಕ್ರೂರ ಅನ್ನಿಸುವುದು ಅದರ ದುಂಡು ಮುಖ, ದೊಡ್ಡ ಕಣ್ಣು ನಮ್ಮಲ್ಲಿ ಎಬ್ಬಿಸುವ ವಾತ್ಸಲ್ಯದಿಂದ. ಆ ವಾತ್ಸಲ್ಯ ಬೆಲೆಯುಳ್ಳದ್ದೇ. ಆದರೆ ಯಾವ ಪ್ರಾಣಿ ಎಷ್ಟು ನರಳುತ್ತದೆ ಎಂದು ಅಳೆಯಲು ಅದು ಸರಿಯಾದ ತಕ್ಕಡಿಯಲ್ಲ.

ವ್ಯತ್ಯಾಸ ಒಂದು ಕಡೆ ಇದೆ. ಮರಿಯ ತಲೆ ಚಿಕ್ಕದು. ಗುರಿ ಸ್ವಲ್ಪ ತಪ್ಪಿದರೂ ದವಡೆಗೋ ಹೊಟ್ಟೆಗೋ ಬೀಳುತ್ತದೆ, ಗಾಯಗೊಂಡ ಮರಿ ಬಿಲದೊಳಗೆ ಜಾರುತ್ತದೆ. ಆಮೇಲೆ ಅದಕ್ಕೆ ಏನಾಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಮರಿಯನ್ನು ಹೊಡೆಯುವುದು ತಪ್ಪಾಗುವುದು ಕೈಯಲ್ಲಿ ಪಳಗು ಇಲ್ಲದವನಿಗೆ. ಅಂಥವನು ದೊಡ್ಡದನ್ನೂ ಹೊಡೆಯಬಾರದು.

ಹಾಗಾದರೆ ಚಿಂತಿಸಬೇಕಾದ ಮರಿ ಯಾವುದು?

ಕಣ್ಣಿಗೆ ಬೀಳದ ಮರಿ.

ಹೆಣ್ಣು ಮೊಲ ಹೆರುವ ಮೊದಲು ಅನೇಕ ಸಲ ಗುಂಪಿನ ಬಿಲದಿಂದ ದೂರ ಹೋಗಿ ಒಂದು ಗಿಡ್ಡ ಬಿಲ ತೋಡುತ್ತದೆ. ಒಣಹುಲ್ಲು ತಂದು ಹಾಸುತ್ತದೆ. ತನ್ನ ಹೊಟ್ಟೆಯ ರೋಮವನ್ನೇ ಕಿತ್ತು ಅದರ ಮೇಲೆ ಹರಡುತ್ತದೆ. ಮರಿ ಹಾಕಿ ಹೊರಬಂದು ಬಾಯಿಗೆ ಮಣ್ಣು ತುಂಬಿ ಮುಚ್ಚುತ್ತದೆ. ಆಮೇಲೆ ದಿನಕ್ಕೆ ಒಂದೇ ಸಲ ಬಂದು, ಮಣ್ಣು ಬಿಡಿಸಿ, ನಾಲ್ಕೈದು ನಿಮಿಷ ಹಾಲು ಕೊಟ್ಟು, ಮತ್ತೆ ಮುಚ್ಚಿ ಹೋಗುತ್ತದೆ. ನೋಡಿದವರು ಎಂಥ ನಿರ್ದಯಿ ತಾಯಿ ಅಂದುಕೊಳ್ಳಬಹುದು. ನರಿಯ ಮೂಗಿನಿಂದ ಮರಿಗಳನ್ನು ಉಳಿಸಿಕೊಳ್ಳಲು ಅದಕ್ಕೆ ಇರುವ ದಾರಿ ಇದೊಂದೇ. ಮರಿಗಳ ಕಣ್ಣು ತೆರೆಯಲು ಹತ್ತು ದಿನ ಬೇಕು.

ಒಂದು ಸೆಪ್ಟೆಂಬರಿನ ಸಂಜೆ, ಅಂದರೆ ಇಲ್ಲಿನ ವಸಂತದಲ್ಲಿ, ನಾನು ಕೇಳಿಕೊಂಡ ಮೇಲೆ ನೆರೆಯ ಹಿರಿಯ ಕುರಿಗಾರರು ನಮ್ಮ ಜಮೀನಿಗೆ ಕೋವಿ ಹಿಡಿದು ಬಂದರು. ಎಪ್ಪತ್ತು ದಾಟಿದವರು, ಒಂದು ಗುಂಡೂ ವ್ಯರ್ಥವಾಗಲಿಲ್ಲ. ಮೂರನೆಯ ಮೊಲವನ್ನು ಎತ್ತಿ ಮಗುಚಿ ಹೊಟ್ಟೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರು. ರೋಮ ಕಿತ್ತ ಜಾಗದಲ್ಲಿ ತೊಟ್ಟಿನ ತುದಿಗೆ ಹಾಲಿನ ಹನಿ ಬಂತು. ಅವರು ಮಾತಾಡದೆ ಕೋವಿಯ ಗುಂಡು ತೆಗೆದು ಬೇಲಿಗೆ ಒರಗಿಸಿ, ಟಾರ್ಚ್ ಹಿಡಿದು ಇಳಿಜಾರಿನಲ್ಲಿ ಹುಡುಕಲು ಶುರುಮಾಡಿದರು. ಮುಕ್ಕಾಲು ಗಂಟೆ ಹಿಡಿಯಿತು. ಊಟದ ತಟ್ಟೆಯಗಲದ ಹಸಿ ಮಣ್ಣಿನ ಗುರುತು, ಅಷ್ಟೆ. ನನಗೆ ಕೈ ಹಾಕಲು ಹೇಳಿದರು. ಮೊಣಕೈವರೆಗೂ ಒಳಗೆ ಹೋಯಿತು. ಮೊದಲು ಒಣಹುಲ್ಲು, ಆಮೇಲೆ ರೋಮದ ಮೆತ್ತೆ, ಅದರೊಳಗೆ ಬಿಸಿ. ಐದು ಮರಿಗಳು. ಕಿವಿ ತಲೆಗೆ ಅಂಟಿಕೊಂಡಿದ್ದವು, ಹಿಂದಿನ ದಿನದ ಹಾಲಿಗೆ ಹೊಟ್ಟೆ ಬಿಗಿಯಾಗಿತ್ತು. ನನ್ನ ಬೆರಳು ತಗುಲಿದ ಕೂಡಲೇ ಐದೂ ಬಾಯಿ ಮೇಲೆತ್ತಿದವು, ತಾಯಿ ಬಂದಳೆಂದು.

ಅವರು ಅವುಗಳನ್ನು ಒಂದೊಂದಾಗಿ, ಕ್ಷಣದಲ್ಲಿ ಕೊಂದರು. ಅದು ಆ ಸಂಜೆಯ ಅತ್ಯಂತ ಕರುಣೆಯ ಕೆಲಸವಾಗಿತ್ತು ಎಂದು ಈಗಲೂ ನಂಬಿದ್ದೇನೆ. ಯಾಕೆಂದರೆ ಇನ್ನೂ ಎರಡು ಹೆಣ್ಣುಗಳ ಮೊಲೆಯಲ್ಲಿ ಹಾಲಿತ್ತು. ಅವುಗಳ ಗೂಡು ನಮಗೆ ಸಿಗಲಿಲ್ಲ. ಮುಚ್ಚಿದ ಮಣ್ಣಿನ ಹಿಂದೆ, ಕತ್ತಲೆಯಲ್ಲಿ, ಚಳಿಯಲ್ಲಿ, ಬಾಯಿ ಮೇಲೆತ್ತಿಕೊಂಡು ಆ ಮರಿಗಳು ಎಷ್ಟು ಹೊತ್ತು ಕಾದವೋ. ಹಸಿವಿನಿಂದ ಸಾಯಲು ಕೆಲವು ದಿನಗಳೇ ಹಿಡಿಯಬಹುದು.

ನಮ್ಮಜ್ಜ ಹಳೆಯ ಕಾಲದ ಈಡುಗಾರರು. 1972ರ ಕಾಯ್ದೆಗೂ ಮೊದಲೇ ಕೋವಿ ಕೆಳಗಿಟ್ಟಿದ್ದರು. ಬಸುರಿ ಮತ್ತು ಬಾಣಂತಿ ಪ್ರಾಣಿಗೆ ಈಡು ಹೊಡೆಯಬಾರದು ಎಂದು ಹೇಳುತ್ತಿದ್ದರು. ಚಿಕ್ಕವನಿದ್ದಾಗ ಅದು ನನಗೆ ಮಡಿಮೈಲಿಗೆಯಂಥ ಇನ್ನೊಂದು ಕಟ್ಟಳೆಯಾಗಿ ಕೇಳಿಸಿತ್ತು. ಅದರ ಅರ್ಥವಾದದ್ದು ಆ ರಾತ್ರಿ.

ಮರಿ ಇರುವ ಕಾಲ ಯಾವುದು?

ಇಲ್ಲಿ ಶರತ್ಕಾಲದ ಮೊದಲ ಮಳೆಗೆ ಹುಲ್ಲು ಚಿಗುರಿದಾಗ ಶುರುವಾಗಿ, ವಸಂತದಲ್ಲಿ ಏರಿ, ಬೇಸಿಗೆಗೆ ಹುಲ್ಲು ಒಣಗುವವರೆಗೆ. ಗರ್ಭ ಒಂದು ತಿಂಗಳು. ಹೆತ್ತ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬಿಲದಲ್ಲಿ ಹಾಲು ಕುಡಿಯುವ ಮರಿಗಳು ತೀರ ಕಡಿಮೆ, ಒಟ್ಟು ಮೊಲಗಳೂ ಕಡಿಮೆ. ಕೊಲ್ಲಲೇಬೇಕಾದರೆ ಕಾಲ ಅದು.

ಮೊಲದ ಮರಿಗಳಲ್ಲಿ ಬಹುಪಾಲು ಹೇಗೂ ಸಾಯುತ್ತವಲ್ಲ?

ಸಾಯುತ್ತವೆ. ಹುಟ್ಟಿದ ಮರಿಗಳಲ್ಲಿ ಒಂದು ವರ್ಷ ಪೂರೈಸುವುದು ಕೆಲವೇ. ನರಿ, ಹದ್ದು, ಕಾಡುಬೆಕ್ಕು, ರೋಗ, ಬಿಲಕ್ಕೆ ನುಗ್ಗುವ ಮಳೆನೀರು, ಎಲ್ಲವೂ ಅವಕ್ಕೆ ಕಾದಿರುತ್ತವೆ. ಹೇಗೂ ಸಾಯುವುದನ್ನು ನಾವು ಕೊಂದರೆ ತಪ್ಪೇನು ಎಂದು ಕೆಲವರು ಸಮಾಧಾನ ಹೇಳಿಕೊಳ್ಳುತ್ತಾರೆ.

ಈ ಮಾತು ಹೇಳುವವರ ವಾದಕ್ಕೇ ಎದುರಾಗುತ್ತದೆ ಎಂದು ಅವರು ಗಮನಿಸಿರುವುದಿಲ್ಲ. ಹೇಗೂ ಸಾಯಲಿದ್ದ ಮರಿಯನ್ನು ಕೊಂದರೆ ಮುಂದಿನ ವರ್ಷದ ಮೊಲಗಳ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ. ನರಿಯ ಪಾಲಿನ ಮರಿ ನಿಮ್ಮ ಪಾಲಾಯಿತು, ಉಳಿದ ಮರಿಗಳಿಗೆ ಮೇವು ಹೆಚ್ಚಾಯಿತು, ಅವು ಬದುಕಿಕೊಂಡವು. ಅಂದರೆ ಜೀವ ಹೋಯಿತು, ಉದ್ದೇಶ ಈಡೇರಲಿಲ್ಲ. ವಸಂತದಲ್ಲಿ ಬಿಲದ ಬಾಯಿಯಲ್ಲಿ ಕಾದು ಕುಳಿತು ಇಪ್ಪತ್ತು ಮರಿ ಹೊಡೆದೆ ಎನ್ನುವವರ ಬಗ್ಗೆ ನನ್ನ ಆಕ್ಷೇಪ ಇದೇ. ಮರಿಯ ವಯಸ್ಸಿನ ಕಾರಣಕ್ಕಿಂತ ಹೆಚ್ಚಾಗಿ, ಆ ಸಾವುಗಳಿಂದ ಒಂದು ಸಸಿಯೂ ಉಳಿಯಲಿಲ್ಲ ಎಂಬ ಕಾರಣಕ್ಕೆ ಅದು ತಪ್ಪು.

ಬರೀ ಕೋವಿಯಿಂದ ಮೊಲ ಕಡಿಮೆಯಾಗುತ್ತದೆಯೇ?

ಆಗುವುದಿಲ್ಲ. ಬಾರ್ವನ್ ಪಾರ್ಕಿನ 14,000 ಮೊಲಗಳ ಲೆಕ್ಕ ಇನ್ನೊಮ್ಮೆ ನೋಡಿ. ಒಂದು ಹೆಣ್ಣು ಒಳ್ಳೆಯ ವರ್ಷದಲ್ಲಿ 30ಕ್ಕೂ ಹೆಚ್ಚು ಮರಿ ಹಾಕಬಲ್ಲದು. ಗುಂಡಿನ ಸದ್ದು ಕೇಳಿದ ಮೊಲಗಳು ಎರಡನೆಯ ದಿನದಿಂದ ಟಾರ್ಚಿನ ಬೆಳಕು ಕಂಡರೇ ಬಿಲ ಸೇರುತ್ತವೆ. ವಾರಾಂತ್ಯದಲ್ಲಿ ಬಂದು ಹತ್ತು ಹೊಡೆದು ಹೋದರೆ, ಬಿಲ ಹಾಗೆಯೇ ಇದ್ದರೆ, ಅಲ್ಲಿಗೆ ಹೊಸ ಸಂಸಾರ ಬರುತ್ತದೆ.

ಇಲ್ಲಿನ ಅನುಭವಿಗಳು ಹೇಳುವ ಕ್ರಮ ಹೀಗಿದೆ. ಬೇಸಿಗೆಯ ಕೊನೆಯಲ್ಲಿ, ಮರಿ ಹಾಕುವ ಕಾಲಕ್ಕೆ ಮೊದಲು, ವಿಷದ ತಿಂಡಿಯಿಟ್ಟು ಸಂಖ್ಯೆ ಇಳಿಸಬೇಕು. ಅದಾದ ಕೂಡಲೇ ಟ್ರ್ಯಾಕ್ಟರಿಗೆ ಉದ್ದ ಕುಳ ಕಟ್ಟಿ ಬಿಲಗಳ ಜಾಲವನ್ನೇ ಆಳವಾಗಿ ಸೀಳಿ ಕುಸಿಯುವಂತೆ ಮಾಡಬೇಕು. ಟ್ರ್ಯಾಕ್ಟರ್ ಹೋಗಲಾಗದ ಬಂಡೆಯ ಸಂದುಗಳಿಗೆ ಹೊಗೆ. ಮತ್ತೆ ತೆರೆದ ಬಾಯಿಗಳನ್ನು ತಿಂಗಳಿಗೊಮ್ಮೆ ನೋಡಿ ಮುಚ್ಚಬೇಕು. ಕೋವಿಯ ಸರದಿ ಎಲ್ಲಕ್ಕೂ ಕೊನೆಗೆ, ಉಳಿದ ಒಂದೆರಡಕ್ಕೆ. ಇದರಲ್ಲಿ ಮುಖ್ಯವಾದದ್ದು ಬಿಲ ಸೀಳುವುದು. ಈ ಮೊಲಗಳಿಗೆ ಹೊಸ ನೆಲದಲ್ಲಿ ಹೊಸ ಬಿಲ ತೋಡುವುದು ಕಷ್ಟದ ಕೆಲಸ, ಹಳೆಯ ಬಿಲವನ್ನೇ ಹುಡುಕಿಕೊಂಡು ಬರುತ್ತವೆ. ಮನೆ ಇಲ್ಲದಿದ್ದರೆ ನೆಲೆಯೂರುವುದಿಲ್ಲ.

ಬಿಲ ಸೀಳುವಾಗ ಒಳಗಿದ್ದವು ಸಾಯುತ್ತವೆ. ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಮೊದಲೇ ವಿಷದಿಂದ ಸಂಖ್ಯೆ ಇಳಿದಿದ್ದರೆ, ಮರಿಗಳ ಕಾಲವಲ್ಲದಿದ್ದರೆ, ಹಾಗೆ ಸಾಯುವವು ಕೆಲವೇ. ಹತ್ತು ವರ್ಷ ಪ್ರತಿ ವಸಂತದಲ್ಲಿ ಕೋವಿ ಹಿಡಿದರೆ ಸಾಯುವವುಗಳ ಲೆಕ್ಕ ಅದರ ಹತ್ತಾರು ಪಟ್ಟು.

ವಿಷ, ರೋಗ ಗುಂಡಿಗಿಂತ ಕರುಣೆಯವೇ?

ಇಲ್ಲವೇ ಇಲ್ಲ. ಒಂದೊಂದು ಪ್ರಾಣಿಯ ನೋವಿನ ಲೆಕ್ಕದಲ್ಲಿ, ಪಳಗಿದ ಕೈಯ ಗುಂಡೇ ಎಲ್ಲಕ್ಕಿಂತ ಮೇಲು. 1080 ಎಂಬ ವಿಷ ಕೆಲವು ಗಂಟೆ ತೆಗೆದುಕೊಳ್ಳುತ್ತದೆ, ನಾಯಿಗಳಿಗಂತೂ ಅತ್ಯಂತ ಅಪಾಯಕಾರಿ, ಅದನ್ನು ಬಳಸಲು ತರಬೇತಿ ಮತ್ತು ಪರವಾನಗಿ ಬೇಕು. ಪಿಂಡೋನ್ ಎಂಬ ಇನ್ನೊಂದು ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ದಿನಗಟ್ಟಲೆಯಲ್ಲಿ ಕೊಲ್ಲುತ್ತದೆ. ಸಾಕುನಾಯಿ ತಿಂದರೆ ವಿಟಮಿನ್ ಕೆ1 ಕೊಟ್ಟು ಉಳಿಸುವ ಅವಕಾಶವಿದೆ ಎಂಬ ಕಾರಣಕ್ಕೆ ಮನೆಗಳ ಹತ್ತಿರ ಅದನ್ನೇ ಬಳಸುತ್ತಾರೆ.

1950ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗವನ್ನು ಮೊಲಗಳಲ್ಲಿ ಬಿಟ್ಟಿತು. ಮೊದಲ ಅಲೆಯಲ್ಲಿ ರೋಗ ತಗುಲಿದ ಮೊಲಗಳಲ್ಲಿ ಶೇಕಡಾ 99ರಷ್ಟು ಸತ್ತವು. ಕಣ್ಣು ಊದಿ ಮುಚ್ಚಿ, ಕೀವು ಸುರಿದು, ಹತ್ತು ಹನ್ನೆರಡು ದಿನ ನರಳಿ ಸಾಯುವ ರೋಗ ಅದು. ಭೂಮಿಗೆ ಒಳ್ಳೆಯದಾಯಿತು, ಸಸಿಗಳು ಎದ್ದವು. ಆದರೆ ಅದನ್ನು ಕರುಣೆ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಮುಂದೆ ಮೊಲಗಳಲ್ಲೂ ನಿರೋಧ ಬೆಳೆಯಿತು, ವೈರಸ್ಸಿನ ಉಗ್ರತೆಯೂ ಇಳಿಯಿತು.

ಎರಡನೆಯದು ಕ್ಯಾಲಿಸಿವೈರಸ್. 1995ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವಾರ್ಡಾಂಗ್ ದ್ವೀಪದ ಪ್ರಯೋಗ ಕೇಂದ್ರದಿಂದ ತಪ್ಪಿಸಿಕೊಂಡು ಮುಖ್ಯಭೂಮಿಗೆ ಹರಡಿತು, ಮರುವರ್ಷದಿಂದ ಅಧಿಕೃತವಾಗಿಯೇ ಬಿಟ್ಟರು. ಇದು ಒಂದೆರಡು ದಿನಗಳಲ್ಲಿ ಕೊಲ್ಲುತ್ತದೆ. ನಮ್ಮ ಮರಿಗಳ ಪ್ರಶ್ನೆಗೆ ಸಂಬಂಧಿಸಿದ ಒಂದು ಸಂಗತಿ ಇಲ್ಲಿದೆ. ಕೆಲವೇ ವಾರಗಳ ಮರಿಗೆ ಈ ಹಳೆಯ ತಳಿ ತಗುಲಿದರೆ ಅದು ಸಾಯುವುದಿಲ್ಲ, ಬದುಕಿ ಜೀವಮಾನದ ನಿರೋಧ ಪಡೆಯುತ್ತದೆ. ಹೀಗಾಗಿ ಮರಿಗಳ ಕಾಲದಲ್ಲಿ ವೈರಸ್ ಬಿಟ್ಟರೆ ತಾಯಂದಿರು ಸಾಯುತ್ತವೆ, ಹಾಲು ಬಿಟ್ಟ ಮರಿಗಳು ಇನ್ನು ಯಾವತ್ತೂ ಆ ರೋಗಕ್ಕೆ ಬಗ್ಗದ ಪೀಳಿಗೆಯಾಗಿ ಎದ್ದು ನಿಲ್ಲುತ್ತವೆ, ಹಾಲು ಕುಡಿಯುವವು ಬಿಲದಲ್ಲೇ ಸಾಯುತ್ತವೆ. 2015ರಲ್ಲಿ ಇಲ್ಲಿ ಕಾಣಿಸಿಕೊಂಡ ಹೊಸ ತಳಿ ಮಾತ್ರ ಎಳೆಯ ಮರಿಗಳನ್ನೂ ಬಿಡುವುದಿಲ್ಲ. ಕರುಣೆಯ ಲೆಕ್ಕವೂ ಕೆಲಸದ ಲೆಕ್ಕವೂ ಮತ್ತೆ ಒಂದೇ ತಿಂಗಳನ್ನು ತೋರಿಸುತ್ತವೆ: ಮರಿ ಇಲ್ಲದ ತಿಂಗಳು.

ಹಿಡಿದು ದೂರದ ಕಾಡಿಗೆ ಬಿಡಬಾರದೇ?

ಬಿಡಬಾರದು. ಕಾನೂನು ಬಾಹಿರ. ಆ ಕಾಡಿಗೂ ದ್ರೋಹ, ಗುರುತಿಲ್ಲದ ನೆಲದಲ್ಲಿ ನರಿಯ ಬಾಯಿಗೆ ಬೀಳುವ ಮೊಲಕ್ಕೂ ದ್ರೋಹ.

ಬೇಲಿ ಹಾಕಿದರೆ ಕೊಲ್ಲುವುದು ತಪ್ಪುತ್ತದೆಯೇ?

ಚಿಕ್ಕ ಜಾಗಕ್ಕೆ ತಪ್ಪುತ್ತದೆ, ಮೊದಲು ಮಾಡಬೇಕಾದದ್ದೂ ಅದೇ. ತರಕಾರಿ ಮಡಿ, ಹಣ್ಣಿನ ತೋಟ, ಹೊಸ ಸಸಿಗಳ ಸಾಲು, ಇವಕ್ಕೆ 40 ಮಿಲಿಮೀಟರಿಗಿಂತ ದೊಡ್ಡದಲ್ಲದ ಕಣ್ಣಿನ ಜಾಲರಿ, 90 ಸೆಂಟಿಮೀಟರ್ ಎತ್ತರ, ಬುಡದಲ್ಲಿ ಹೊರಮುಖವಾಗಿ ಮಡಿಸಿ ನೆಲಕ್ಕೆ ಹೂತ ಅಂಚು ಇದ್ದರೆ ಸಾಕು. ಬಿಡಿ ಸಸಿಗೆ ಕೊಳವೆಯಂಥ ಕವಚ ಸಿಗುತ್ತದೆ. ನಮ್ಮಲ್ಲಿ ನಾನೂರು ಸಸಿಗೆ ಹಾಕಿದೆವು, ಕೂಸಿಗೆ ಕುಲಾವಿ ಹಾಕಿದ ಹಾಗೆ. ಕವಚ ಗಾಳಿಗೆ ಹಾರಿಹೋದ ಸಸಿಗಳನ್ನು ಬೆಳಗಾಗುವುದರೊಳಗೆ ಬುಡಕ್ಕೇ ಕತ್ತರಿಸಿದ್ದವು. ಕಾಂಡದ ತುಂಡು ಚಾಕುವಿನಿಂದ ಓರೆಯಾಗಿ ಕೊಯ್ದ ಹಾಗೆ ಪಕ್ಕದಲ್ಲೇ ಬಿದ್ದಿತ್ತು, ತಿಂದೂ ಇರಲಿಲ್ಲ.

ದೊಡ್ಡ ಜಾಗಕ್ಕೆ ಬೇಲಿ ಸೋಲುತ್ತದೆ. ಪಶ್ಚಿಮ ಆಸ್ಟ್ರೇಲಿಯಾ 1901ರಿಂದ 1907ರವರೆಗೆ ಮೂರು ಬೇಲಿ ಕಟ್ಟಿತು, ಒಟ್ಟು 3,200 ಕಿಲೋಮೀಟರಿಗೂ ಹೆಚ್ಚು. ಮೊದಲ ಬೇಲಿ ಮುಗಿಯುವ ಮೊದಲೇ ಮೊಲಗಳು ಆಚೆ ದಾಟಿದ್ದವು.

ಮೊಲ ಎಲ್ಲೆಡೆಯೂ ಪೀಡೆಯೇ?

ಈ ಪ್ರಶ್ನೆಯನ್ನು ಹೆಚ್ಚು ಜನ ಕೇಳಬೇಕಿತ್ತು. ಈ ಮೊಲದ ತವರು ಸ್ಪೇನ್ ಮತ್ತು ಪೋರ್ಚುಗಲ್. 1952ರಲ್ಲಿ ಫ್ರಾನ್ಸಿನ ವೈದ್ಯ ಆರ್ಮಾಂ ದೆಲಿಲ್ ತನ್ನ ಎಸ್ಟೇಟಿನ ಮೊಲಗಳನ್ನು ಕಳೆಯಲು ಮಿಕ್ಸೊಮಟೋಸಿಸ್ ತಗುಲಿದ ಎರಡು ಮೊಲ ಬಿಟ್ಟ. ರೋಗ ಯುರೋಪಿನುದ್ದಕ್ಕೂ ಹರಡಿತು, ಮರುವರ್ಷ ಇಂಗ್ಲೆಂಡಿನಲ್ಲೂ ಕಾಣಿಸಿತು. ಐಬೀರಿಯಾದ, ಅಂದರೆ ಸ್ಪೇನ್ ಮತ್ತು ಪೋರ್ಚುಗಲ್ ಸೀಮೆಯ, ಲಿಂಕ್ಸ್ ಎಂಬ ಕಾಡುಬೆಕ್ಕಿನ ಊಟ ಬಹುಪಾಲು ಮೊಲ, ದಿನಕ್ಕೊಂದರ ಲೆಕ್ಕ. ಮೊಲ ಹೋಯಿತು, ಲಿಂಕ್ಸ್ ಹಸಿದುಕೊಂಡಿತು. 2002ರ ಹೊತ್ತಿಗೆ ಉಳಿದಿದ್ದವು ನೂರಕ್ಕೂ ಕಡಿಮೆ. ಆಮೇಲೆ ಮೊಲಗಳನ್ನು ಸಾಕಿ ಬಿಟ್ಟು, ಲಿಂಕ್ಸ್‌ಗಳನ್ನು ಬೆಳೆಸಿ, ಈಗ ಎರಡು ಸಾವಿರ ದಾಟಿಸಿದ್ದಾರೆ. 2019ರಲ್ಲಿ ಯುರೋಪಿನ ಮೊಲವನ್ನೇ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು.

ಅಂದರೆ ಇದೇ ಮರಿಯನ್ನು ಸ್ಪೇನಿನ ಅಂದಲೂಸಿಯಾದಲ್ಲಿ ಉಳಿಸುವುದು ಪುಣ್ಯದ ಕೆಲಸ, ವಿಕ್ಟೋರಿಯಾದಲ್ಲಿ ಕೊಲ್ಲುವುದು ಕರ್ತವ್ಯ. ಮರಿ ಯಾವ ತಪ್ಪನ್ನೂ ಮಾಡಿಲ್ಲ. ಪೀಡೆ ಎಂಬುದು ಅದರ ಸ್ವಭಾವವಲ್ಲ, ನಾವು ತಂದು ಬಿಟ್ಟ ಜಾಗದ ಹೆಸರು. ವನ್ಯಜೀವಿ ನಿಯಂತ್ರಣದ ನೀತಿಯ ಬಗ್ಗೆ ಹಲವು ದೇಶಗಳ ತಜ್ಞರು ಸೇರಿ 2017ರಲ್ಲಿ ಪ್ರಕಟಿಸಿದ ಏಳು ತತ್ವಗಳಲ್ಲಿ ಒಂದು ಇದನ್ನೇ ಹೇಳುತ್ತದೆ: ಪ್ರಾಣಿಗೆ ಅಂಟಿಸಿದ ಹಣೆಪಟ್ಟಿ ನೋಡಿ ತೀರ್ಮಾನಿಸಬಾರದು, ಆ ಜಾಗದ ಸಂಗತಿ ನೋಡಬೇಕು. ಮೊದಲ ತತ್ವ ನನಗೆ ಇನ್ನೂ ಹಿಡಿಸಿದ್ದು: ಸಾಧ್ಯವಿದ್ದಲ್ಲಿ ಮೊದಲು ಮನುಷ್ಯರ ನಡವಳಿಕೆ ಬದಲಾಗಬೇಕು.

ಅಹಿಂಸೆ ನಂಬುವ ಮನೆಯವರು ಏನು ಮಾಡಬೇಕು?

ನಮ್ಮ ಮನೆಯೂ ಅಂಥದೇ. ಅಮ್ಮ ಇಲ್ಲಿಗೆ ಬಂದಾಗ ಮೂರು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

1928ರಲ್ಲಿ ಗಾಂಧೀಜಿ ಈ ಸಂಕಟವನ್ನು ಬಿಚ್ಚಿ ಬರೆದಿದ್ದರು. ಸಾಬರಮತಿ ಆಶ್ರಮದಲ್ಲಿ ವಾಸಿಯಾಗದ ನೋವಿನಿಂದ ನರಳುತ್ತಿದ್ದ ಕರುವಿಗೆ ಚುಚ್ಚುಮದ್ದು ಕೊಡಿಸಿ ಸಾವು ತಂದರು, ಅದನ್ನು ಅಹಿಂಸೆ ಎಂದೇ ವಾದಿಸಿದರು. ಅದೇ ಬರಹದಲ್ಲಿ ಬೆಳೆ ತಿನ್ನುವ ಮಂಗಗಳ ಮಾತೂ ಬಂತು. ಕರುವಿನ ಸಾವು ಕರುವಿನ ಒಳಿತಿಗಾಗಿ, ಮಂಗಗಳನ್ನು ಕೊಂದರೆ ಅದು ನಮ್ಮ ಒಳಿತಿಗಾಗಿ, ಆದ್ದರಿಂದ ಅದು ಹಿಂಸೆಯೇ ಎಂದು ಸ್ಪಷ್ಟವಾಗಿ ಬೇರ್ಪಡಿಸಿದರು. ಬೇಸಾಯ ಮಾಡುವವನಿಗೆ ಅಂಥ ಹಿಂಸೆ ಎದುರಾಗುವುದನ್ನೂ ಅವರು ಅಲ್ಲಗಳೆಯಲಿಲ್ಲ.

ನಾನು ನಿಂತಿರುವುದು ಅಲ್ಲೇ. ಮೊಲ ಕೊಲ್ಲುವುದು ಹಿಂಸೆ. ಅನಿವಾರ್ಯವಾದ ಮಾತ್ರಕ್ಕೆ ಅದು ಬೇರೇನೋ ಆಗುವುದಿಲ್ಲ. ಹಿಂಸೆ ಎಂದು ಒಪ್ಪಿಕೊಂಡವನು ಅದನ್ನು ಕಡಿಮೆ ಮಾಡುವ ದಾರಿ ಹುಡುಕುತ್ತಾನೆ, ಪೀಡೆ ನಿವಾರಣೆ ಎಂದಷ್ಟೇ ಕರೆದವನು ಹುಡುಕುವುದಿಲ್ಲ. ಈ ವಿಷಯದಲ್ಲಿ ಎರಡೂ ಕಡೆಯವರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕುಳಿತರೆ ನಷ್ಟವಾಗುವುದು ಬಿಲದೊಳಗಿನ ಮರಿಗೆ.

ಮಾಂಸವನ್ನು ತಿಂದರೆ ತಪ್ಪು ಕಡಿಮೆಯಾಗುತ್ತದೆಯೇ?

ತಿನ್ನುವವರು ತಿನ್ನಲಿ, ಸತ್ತ ಪ್ರಾಣಿ ವ್ಯರ್ಥವಾಗದಿರುವುದು ಒಳ್ಳೆಯದೇ. 1930ರ ದಶಕದ ಬಡತನದಲ್ಲಿ ಇಲ್ಲಿನ ಎಷ್ಟೋ ಮನೆಗಳನ್ನು ಮೊಲದ ಮಾಂಸ ಕಾಪಾಡಿತ್ತು. ಆದರೆ ಹೊಟ್ಟೆಗೆ ಹೋದದ್ದರಿಂದ ಹಾಲು ಕುಡಿಯುವ ಮರಿಯ ಸ್ಥಿತಿ ಬದಲಾಗುವುದಿಲ್ಲ. ವಿಷವಿಟ್ಟ ಜಾಗದ ಸುತ್ತಮುತ್ತಲ ಮೊಲವನ್ನಂತೂ ತಿನ್ನಲೇಬೇಡಿ, ನಾಯಿಗೂ ಹಾಕಬೇಡಿ.

ಕೋವಿ ಹಿಡಿಯಲೇಬೇಕಾದರೆ?

ಪರವಾನಗಿ ಮತ್ತು ತರಬೇತಿ ಇರಬೇಕು, ಅದು ಕಾನೂನು. ಅದರಾಚೆ ನಾನು ಕೇಳಿಕೊಳ್ಳುವುದು ಇಷ್ಟು. ಕಾಗದದ ಗುರಿಗೆ, ಹೊಡೆಯಲಿರುವ ದೂರದಿಂದಲೇ, ಹತ್ತಕ್ಕೆ ಹತ್ತು ಬೀಳುವವರೆಗೆ ಜೀವದ ಮೇಲೆ ಗುರಿಯಿಡಬೇಡಿ. ಓಡುವ ಮೊಲಕ್ಕೆ ಹೊಡೆಯಬೇಡಿ. ಒಂದು ಬಿದ್ದ ಕೂಡಲೇ ಹೋಗಿ ಸತ್ತಿದೆಯೇ ನೋಡಿ, ಆಮೇಲೆ ಮುಂದಿನದು. ಹೆಣ್ಣಾದರೆ ಹೊಟ್ಟೆ ನೋಡಿ, ಹಾಲಿದ್ದರೆ ಅಂದಿನ ಬೇಟೆ ಮುಗಿಯಿತು ಎಂದುಕೊಳ್ಳಿ. ಉಳಿದ ಹೊತ್ತು ಗೂಡು ಹುಡುಕುವುದಕ್ಕೆ. ಆಸ್ಟ್ರೇಲಿಯಾದ ಮಾದರಿ ಕಾರ್ಯವಿಧಾನವೂ ಹೀಗೆ ಹುಡುಕಬೇಕೆಂದು ಹೇಳುತ್ತದೆ, ಹುಡುಕುವವರು ಕಡಿಮೆ. ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚಬೇಡಿ. ಕೊಲ್ಲುವುದರಲ್ಲಿ ಖುಷಿ ಹುಟ್ಟುತ್ತಿದ್ದರೆ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಡಿ.

ಮಕ್ಕಳಿಗೆ ಹೇಗೆ ಹೇಳುವುದು?

ಇದ್ದದ್ದನ್ನು ಇದ್ದ ಹಾಗೆ. ಇಲ್ಲಿ ಈಸ್ಟರ್ ಹಬ್ಬಕ್ಕೆ ಮೊಲದ ಆಕಾರದ ಚಾಕೊಲೇಟಿನ ಜೊತೆಗೆ ಬಿಲ್ಬಿ ಆಕಾರದ್ದನ್ನೂ ಮಾರುತ್ತಾರೆ. ನನ್ನ ಮಗಳು ಬಿಲ್ಬಿ ಎಲ್ಲಿ ಹೋಯಿತು ಎಂದು ಕೇಳಿದಾಗ ಮಾತು ಅಲ್ಲಿಂದ ಶುರುವಾಯಿತು. ಚಂದ್ರನಲ್ಲಿ ಮೊಲ ಇದೆ ಎಂದು ಅವಳಿಗೆ ತೋರಿಸಿದವಳು ನನ್ನ ಅಮ್ಮ, ನನ್ನೊಡನೆ ಸರಿಯಾಗಿ ಮಾತಾಡದ ಅದೇ ಭೇಟಿಯಲ್ಲಿ. ಎರಡನ್ನೂ ಅವಳು ತನ್ನೊಳಗೆ ಇಟ್ಟುಕೊಂಡಿದ್ದಾಳೆ.

ನೀವು ಈಗ ಏನು ಮಾಡುತ್ತಿದ್ದೀರಿ?

ಆ ಸೆಪ್ಟೆಂಬರಿನ ನಂತರ ನಮ್ಮ ಜಮೀನಿನಲ್ಲಿ ಮರಿಗಳ ಕಾಲದಲ್ಲಿ, ಮೊದಲು ಗೂಡು ಹುಡುಕದೆ, ಕೋವಿ ಸದ್ದು ಮಾಡಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಅಕ್ಕಪಕ್ಕದ ನಾಲ್ಕು ಜಮೀನಿನವರು ಒಟ್ಟಿಗೆ ಸೇರಿ ವಿಷವಿಟ್ಟೆವು, ಮಾರ್ಚಿನಲ್ಲಿ ಬಿಲ ಸೀಳಿಸಿದೆವು. ಒಬ್ಬರೇ ಮಾಡಿದರೆ ಪಕ್ಕದವರ ಮೊಲ ಬಂದು ತುಂಬುತ್ತದೆ. ಅದಕ್ಕೆ ಮೊದಲು ಎಣಿಸಿದಾಗ ನಮ್ಮಲ್ಲಿ ತೆರೆದ ಬಾಯಿಗಳು 43 ಇದ್ದವು. ಕಳೆದ ಆಗಸ್ಟಿನಲ್ಲಿ ಎರಡು.

ಎರಡರಲ್ಲಿ ಒಂದರ ಪಕ್ಕ ಹಿಕ್ಕೆ ಹಳೆಯದಾಗಿತ್ತು. ಇನ್ನೊಂದರಿಂದ ಇಪ್ಪತ್ತು ಹೆಜ್ಜೆ ಕೆಳಗೆ, ತಟ್ಟೆಯಗಲದ ಹಸಿ ಮಣ್ಣು ಹೊಸದಾಗಿ ಮೆತ್ತಿತ್ತು. ನಾನು ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ. ಆಮೇಲೆ ನೆರೆಯ ಹಿರಿಯರಿಗೆ ಫೋನ್ ಮಾಡಿದೆ. ಸಂಜೆ ಇಬ್ಬರೂ ಗುದ್ದಲಿ ಹಿಡಿದು ಹೋದೆವು, ಮೊದಲು ಮರಿಗಳು, ಆಮೇಲೆ ಅವರು ಬಿಲದೆದುರು ತಾಯಿಗಾಗಿ ಕಾದು ಕುಳಿತರು.